ಯಾರ ಕೈಯ ಸಾಮಾನು?

ಬಳಕೆ ತಪ್ಪಿದ ಉಪಕರಣ ಮೊದಲು ಜಾಗ ಬಿಡುತ್ತದೆ, ಆಮೇಲೆ ಹೆಸರು ಬಿಡುತ್ತದೆ. ಅಂಗಳದಿಂದ ದನದ ಅಂಕಣಕ್ಕೆ, ಅಲ್ಲಿಂದ ಅಟ್ಟಕ್ಕೆ, ಅಟ್ಟದಿಂದ ಗುಜರಿಯವನ ತಕ್ಕಡಿಗೆ ಹೋಗುವಷ್ಟರಲ್ಲಿ ಎರಡು ತಲೆಮಾರು ಕಳೆದಿರುತ್ತವೆ. ಆಗ ಅದು ಏನೆಂದು ಮನೆಯವರಿಗೇ ತಿಳಿಯುವುದಿಲ್ಲ. ರಾಯಚೂರು, ಮಾನ್ವಿ, ದೇವದುರ್ಗದ ಹಳೆಯ ಮನೆಗಳಲ್ಲಿ ಇಂಥ ಸಾಮಾನು ಇನ್ನೂ ಬೇಕಾದಷ್ಟಿದೆ.

ಈ ಭಾಗದಲ್ಲಿ ಸಾಮಾನುಗಳ ನಂಟು ಬೇಗ ಕಡಿಯಲು ಕಾರಣಗಳಿವೆ. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ಸೀಮೆ. ನಾಣ್ಯ ಬೇರೆ, ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯೇ ಪೈಸೆ ಬಂತು, ಅದರ ಬೆನ್ನಿಗೆ ಸೇರು ಹೋಗಿ ಕಿಲೋ ಬಂತು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಎರೆ ಹೊಲಕ್ಕೆ ನೀರು ತಂದು ಜೋಳದ ನೆಲವನ್ನು ಭತ್ತದ ನೆಲ ಮಾಡಿತು. ಮುಂದೆ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ಬಂತು. ಹಿಟ್ಟಿನ ಗಿರಣಿ, ಕೊಳವೆಬಾವಿ, ಟ್ರ್ಯಾಕ್ಟರು ಬಂದ ಮೇಲೆ ಉಳಿದದ್ದೂ ಮೂಲೆ ಸೇರಿತು. ಒಬ್ಬ ಮನುಷ್ಯನ ಆಯುಷ್ಯದಲ್ಲೇ ಇಷ್ಟೆಲ್ಲ ಆಗಿಹೋಯಿತು.

ಮಾನ್ವಿಯಲ್ಲಿ ಇತ್ತೀಚೆಗೆ ಕೆಡವಿದ ಒಂದು ಮಾಳಿಗೆ ಮನೆಯಲ್ಲಿ ಇಂಥ ಸಾಮಾನೆಲ್ಲ ಒಟ್ಟಿಗೆ ಕಾಣಸಿಕ್ಕಿತು. ಅಟ್ಟದಿಂದ ಇಳಿದದ್ದನ್ನೆಲ್ಲ ಅಂಗಳದ ತಾಡಪತ್ರಿಯ ಮೇಲೆ ಹರವಿದ್ದರು. 1960ರ ದಶಕದಲ್ಲಿ ಅದೇ ಅಂಗಳದಲ್ಲಿ ಆಡಿ ಬೆಳೆದ ಮೊಮ್ಮಕ್ಕಳು ಈಗ ಅರವತ್ತು ದಾಟಿದವರು. ಬೆಂಗಳೂರು, ಹೈದರಾಬಾದ್‌ನಿಂದ ಬಂದು ಸುತ್ತ ನಿಂತಿದ್ದರು. ಅರ್ಧದಷ್ಟು ಸಾಮಾನಿಗೆ ಅವರಲ್ಲಿ ಹೆಸರಿತ್ತು, ಆದರೆ ಅದನ್ನು ಹಿಡಿಯುವುದು ಹೇಗೆಂದು ಗೊತ್ತಿರಲಿಲ್ಲ. ಉಪಯೋಗ ಹೇಳಿದವರು ಇಬ್ಬರು. ಆ ಮನೆಯಲ್ಲಿ ವರ್ಷದ ಆಳಾಗಿ ದುಡಿದಿದ್ದ ಒಬ್ಬ ಮುದುಕ, ಪಕ್ಕದ ಓಣಿಯಿಂದ ಬೀಸಲು, ಕುಟ್ಟಲು ಬರುತ್ತಿದ್ದ ಒಬ್ಬ ಅಜ್ಜಿ.

ಗುರುತು ಹಿಡಿಯುವ ಮೊದಲ ಸೂತ್ರವೆಂದರೆ, ಕಾಣುವ ತುಣುಕಿಗೆ ಕಾಣದ ಜೊತೆಯನ್ನು ಹುಡುಕುವುದು. ಅಟ್ಟದಲ್ಲಿ ಸಿಗುವುದು ಬಹಳ ಸಲ ಪೂರ್ತಿ ಉಪಕರಣವಲ್ಲ, ಅದರ ಬಾಳಿಕೆ ಬರುವ ಭಾಗ ಮಾತ್ರ. ಮರ, ತೊಗಲು, ಹಗ್ಗ ಹುಳಕ್ಕೆ ಹೋಗುತ್ತವೆ. ಕಬ್ಬಿಣ, ಹಿತ್ತಾಳೆ, ಕಲ್ಲು ಉಳಿಯುತ್ತವೆ. ತಾಡಪತ್ರಿಯ ಮೇಲೆ ತಳದಲ್ಲಿ ಮೂರು ತೂತಿದ್ದ ಒಂದು ಮರದ ಬಟ್ಟಲಿತ್ತು. ಸೋಸಲು ತೂತು ದೊಡ್ಡವು, ಉಣ್ಣಲು ತಳವೇ ತೂತು. ಅದು ಕೂರಿಗೆಯ ಬಟ್ಟಲು. ಮೂರು ತೂತಿಗೆ ಮೂರು ಬಿದಿರಿನ ಕೊಳವೆ ಕೂಡಿ, ಕೊಳವೆಯ ಕೆಳತುದಿ ಮೂರು ತಾಳುಗಳ ಹಿಂದೆ ಕೂರುತ್ತಿತ್ತು. ಎತ್ತು ಮುಂದೆ ನಡೆದಂತೆ ಬಿತ್ತುವವರು ಮುಷ್ಟಿಯಿಂದ ಜೋಳವನ್ನು ಬಟ್ಟಲಿಗೆ ಬಿಡುತ್ತಾರೆ. ಬೆರಳ ಸಂದಿಯಿಂದ ಮೂರೂ ತೂತಿಗೆ ಕಾಳು ಸಮನಾಗಿ ಇಳಿಯಬೇಕು. ಒಂದು ತೂತಿಗೆ ಹೆಚ್ಚು ಬಿದ್ದರೆ ಒಂದು ಸಾಲು ಒತ್ತಾಗಿ ಇನ್ನೊಂದು ತೆಳ್ಳಗಾಗುತ್ತದೆ, ಬೆಳೆ ಎದ್ದ ಮೇಲೆ ಬಿತ್ತಿದವರ ಕೈ ಊರಿಗೆಲ್ಲ ಕಾಣುತ್ತದೆ. ಆ ಬಟ್ಟಲಿನ ಒಳಮೈ ಒಂದೇ ಕಡೆ ನುಣುಪಾಗಿ ಸವೆದಿತ್ತು. ಬಿತ್ತಿದವರು ಅದೇ ಕಡೆಯಿಂದ ಕೈ ಇಳಿಬಿಡುತ್ತಿದ್ದರು ಎಂದು ಮುದುಕ ತೋರಿಸಿಕೊಟ್ಟ.

ದೊಡ್ಡ ಕಬ್ಬಿಣದ ಬಳೆಯೊಂದು ಇದೇ ಬಗೆಯದು. ಅಂಚಿಗೆ ಹೊಲಿಗೆ ಹಾಕಿದ ಗುರುತು, ಮೇಲೆ ಅಡ್ಡಪಟ್ಟಿ. ಇದು ಕಪಿಲೆಯ ತೊಗಲ ಬಾನಿಯ ಬಾಯಿ. ಎತ್ತು ಇಳಿಜಾರಿನಲ್ಲಿ ಇಳಿದಂತೆ ಬಾನಿ ಬಾವಿಯಿಂದ ಮೇಲೇರಿ, ಅದರ ಬಾಲ ಕಾಲುವೆಗೆ ನೀರು ಚೆಲ್ಲುತ್ತಿತ್ತು. ತೊಗಲು ಎಂದೋ ಹೋಗಿದೆ. ಬಾವಿಯ ಬಾಯಿಗೆ ಹಾಸಿದ ಕಲ್ಲಿನಲ್ಲಿ ಹಗ್ಗ ಉಜ್ಜಿ ಮಾಡಿದ ಗೀರು ಕಂಡರೆ ಆ ಬಾವಿಯಲ್ಲಿ ಎಷ್ಟು ಕಾಲ ನೀರು ಸೇದಿದ್ದರೆಂದು ಊಹಿಸಬಹುದು.

ಮೊಮ್ಮಗನೊಬ್ಬ ವ್ಯಾಯಾಮದ ಡಂಬೆಲ್ ಎಂದ ಮರದ ಸಾಧನಕ್ಕೂ ಜೊತೆ ಬೇಕು. ನಡುವೆ ಸಣ್ಣ ಹಿಡಿ, ಎರಡೂ ತುದಿಗೆ ಗುಂಡು. ಹತ್ತಿ ಹಿಂಜುವ ಪಿಂಜಾರರ ಬಿಲ್ಲಿನ ನರಕ್ಕೆ ಹೊಡೆಯುವುದು ಇದೇ. ಚಾವಣಿಗೆ ಬಿಲ್ಲು ನೇತುಹಾಕಿ, ನರವನ್ನು ಅರಳೆಯ ಗುಡ್ಡೆಗೆ ತಾಗಿಸಿ, ಗುಂಡಿನ ಅಂಚಿನಿಂದ ನರವನ್ನು ಸೆಳೆದು ಬಿಟ್ಟರೆ ಅದು ಅದುರಿ ಅರಳೆ ಬಿಡಿಬಿಡಿಯಾಗಿ ಹಾರುತ್ತದೆ. ಚಳಿಗಾಲದ ಮುಂಚೆ ಗಾದಿ ಹಿಂಜಲು ಬರುವವರ ಬಿಲ್ಲಿನ ದನಿ ಓಣಿಯ ಆ ತುದಿಗೆ ಕೇಳುತ್ತಿತ್ತು. ರಾಯಚೂರು ಹತ್ತಿಯ ದೊಡ್ಡ ಪೇಟೆ, ಜಿನ್ನಿಂಗ್ ಗಿರಣಿಗಳ ಊರು. ಆದರೂ ಮನೆಯ ಗಾದಿಗೆ ಈ ಬಿಲ್ಲೇ ಬೇಕಾಗಿತ್ತು.

ಎರಡನೆಯ ಸೂತ್ರ ಸವಕಳಿ. ಸೊಗಸಿಗೆಂದು ಮಾಡಿದ್ದು ಎಲ್ಲ ಕಡೆ ಸಮನಾಗಿ ಮಾಸುತ್ತದೆ, ಕೆಲಸಕ್ಕೆಂದು ಮಾಡಿದ್ದು ಕೆಲಸ ಬಿದ್ದಲ್ಲಿ ಮಾತ್ರ ಸವೆಯುತ್ತದೆ. ಒಂದು ಕಡೆ ಗೆಣ್ಣು ಮುಚ್ಚಿ, ಇನ್ನೊಂದು ಕಡೆ ಓರೆಯಾಗಿ ಕೊಯ್ದ ಬಿದಿರಿನ ಕೊಳವೆಯನ್ನು ಕೊಳಲು ಎನ್ನಲು ತೂತಿಲ್ಲ, ಊದುಗೊಳವೆ ಎನ್ನಲು ಇನ್ನೊಂದು ತುದಿ ತೆರೆದಿಲ್ಲ. ಓರೆ ತುದಿಯ ಮೇಲೆ ಹಲ್ಲಿನ ಗುರುತಿದ್ದರೆ ಅನುಮಾನ ಉಳಿಯುವುದಿಲ್ಲ. ಅದು ದನಕ್ಕೆ ಔಷಧ ಕುಡಿಸುವ ಗೊಟ್ಟ. ಒಬ್ಬರು ಎತ್ತಿನ ಮೂಗುದಾರ ಎತ್ತಿ ಹಿಡಿದರೆ ಇನ್ನೊಬ್ಬರು ದವಡೆಯ ಸಂದಿಯಲ್ಲಿ ಗೊಟ್ಟ ತೂರಿಸಿ ಕಷಾಯ ಇಳಿಸುತ್ತಾರೆ.

ದೇವದುರ್ಗದ ಕಡೆಯ ಮುದುಕರ ಎಲೆ ಸಂಚಿಯಲ್ಲಿ ಸಿಗುತ್ತಿದ್ದ ಬಾಗಿದ ಕಬ್ಬಿಣದ ತುಂಡಿಗೂ ಸವಕಳಿಯೇ ಸಾಕ್ಷಿ. ಹೊರ ಅಂಚು ಮಾತ್ರ ಉಜ್ಜಿ ಹೋಗಿರುತ್ತದೆ. ಜೊತೆಗೆ ಬೆಣಚುಕಲ್ಲಿನ ಚೂರು, ಒಂದು ಸಣ್ಣ ಕೊಳವೆಯಲ್ಲಿ ಅರಳೆ. ಅದು ಚಕಮಕಿ. ಕಲ್ಲಿನ ಅಂಚಿಗೆ ಅರಳೆ ಹಿಡಿದು ಕಬ್ಬಿಣ ತಾಕಿಸಿದರೆ ಕಿಡಿ ಅರಳೆಗೆ ಹತ್ತುತ್ತದೆ, ಅದರಿಂದ ಚಿಲುಮೆಗೆ. ಸ್ವೀಡನ್ನಿನ ಕಂಪನಿ 1923ರಲ್ಲಿ ವಿಮ್ಕೋ ತೆರೆದು ಭಾರತದಲ್ಲೇ ಕಡ್ಡಿಪೆಟ್ಟಿಗೆ ಮಾಡತೊಡಗಿತು. ಅದಾಗಿ ದಶಕಗಳು ಕಳೆದರೂ ಹೊಲದಲ್ಲಿ ರಾತ್ರಿ ಕಳೆಯುವವರು ಚಕಮಕಿ ಬಿಡಲಿಲ್ಲ. ಮಳೆಗೆ ಕಡ್ಡಿ ನೆನೆಯುತ್ತದೆ, ಕಲ್ಲು ನೆನೆದರೂ ಒರೆಸಿಕೊಳ್ಳಬಹುದು.

ಅರ್ಧಚಂದ್ರಾಕಾರದ ಚಪ್ಪಟೆ ಕಬ್ಬಿಣಗಳು ಎಡ ಬಲ ಎಂದು ಜೋಡಿಯಾಗಿ ಸಿಕ್ಕರೆ ಅವು ಎತ್ತಿನ ಲಾಳ. ಕುದುರೆಯ ಗೊರಸು ಒಂದೇ, ಅದಕ್ಕೆ ಒಂದೇ ಲಾಳ. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು. ತುದಿಯಲ್ಲಿ ಉಂಗುರವಿರುವ ಹಿತ್ತಾಳೆಯ ಶಂಕುಗಳು ಎತ್ತಿನ ಕೋಡಿಗೆ ತೊಡಿಸುವ ಕೋಡಣಸು. ಇವನ್ನು ಬಾಗಿಲ ಅಲಂಕಾರವೆಂದು ಮಾರುವ ಅಂಗಡಿಗಳಿವೆ.

ಸೇದುವ ಬಾವಿಗಳ ಕಾಲದ ಸಾಮಾನುಗಳಲ್ಲಿ ಮಕ್ಕಳಿಗೆ ಅತಿ ಬೆರಗು ಹುಟ್ಟಿಸುತ್ತಿದ್ದದ್ದು ಪಾತಾಳಗರಡಿ. ಒಂದು ಕಬ್ಬಿಣದ ಬಳೆ, ಅದರ ಸುತ್ತ ಸರಪಳಿಯ ತುಂಡುಗಳಲ್ಲಿ ಜೋತುಬಿದ್ದ ಹತ್ತಾರು ಕೊಕ್ಕೆ, ಎಲ್ಲವೂ ಬೇರೆ ಬೇರೆ ದಿಕ್ಕಿಗೆ ಬಾಗಿದವು. ಹಗ್ಗ ಹರಿದು ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತಲು ಇದನ್ನು ಇಳಿಬಿಟ್ಟು ತಳದಲ್ಲಿ ನಿಧಾನವಾಗಿ ಸುತ್ತಿಸಬೇಕು. ಕೊಡದ ಕಂಠಕ್ಕೋ ಬಕೆಟ್ಟಿನ ಹಿಡಿಗೋ ಒಂದು ಕೊಕ್ಕೆ ಸಿಕ್ಕರೆ ಹಗ್ಗದ ಭಾರ ಬದಲಾಗುತ್ತದೆ. ಆಗ ಜಗ್ಗದೆ, ಒಂದೇ ಸಮ ಎಳೆಯಬೇಕು. ಓಣಿಗೆಲ್ಲ ಒಂದೇ ಪಾತಾಳಗರಡಿ ಇರುತ್ತಿತ್ತು. ಮಾನ್ವಿಯ ಆ ಮನೆಯಲ್ಲಿ ಅದನ್ನು ಒಯ್ಯಲು ಬಂದವರಿಗೆ ಮನೆಯೊಡತಿ ಅಜ್ಜಿ, “ತಂಬಿಗಿ ಇಟ್ಟು ಒಯ್ಯವ್ವಾ” ಎನ್ನುತ್ತಿದ್ದಳು. ತಂಬಿಗೆ ಇಟ್ಟವರಿಗೆ ಅದು ವಾಪಸು ಕೊಡುವ ನೆನಪಿಗೆ. ಆದರೆ ಎಲ್ಲರ ತಂಬಿಗೆಯೂ ಒಳಗೆ ಬರುತ್ತಿರಲಿಲ್ಲ. ಕೆಲವರದನ್ನು ಕಟ್ಟೆಯ ಮೇಲೇ ಇಡಿಸುತ್ತಿದ್ದರು, ಕೆಲವರು ಆ ಬಾವಿಯ ಹತ್ತಿರವೂ ಬರುವಂತಿರಲಿಲ್ಲ. ಪಾತಾಳಗರಡಿಯ ಕಥೆ ಹೇಳುವಾಗ ಈ ಭಾಗವನ್ನು ಬಿಟ್ಟುಬಿಡುವ ವಾಡಿಕೆಯಿದೆ.

ಅಳತೆ, ಲೆಕ್ಕದ ಸಾಮಾನುಗಳದು ಬೇರೊಂದು ವರ್ಗ. ಚಾರ್ಮಿನಾರ್ ಚಿತ್ರದ, ನಿಜಾಮರ ಹಾಲಿ ಸಿಕ್ಕಾ ರೂಪಾಯಿಗೂ 16 ಆಣೆ, ಆಣೆಗೆ 12 ಪೈ. ಬ್ರಿಟಿಷ್ ಭಾರತದ 6 ರೂಪಾಯಿಗೆ ಹಾಲಿಯ ಸುಮಾರು 7 ರೂಪಾಯಿ ಸಮ. ಈ ನಾಣ್ಯಗಳನ್ನು ತುಂಬಿ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ಉದ್ದನೆಯ, ಕಿರಿದಾದ ನೂಲಿನ ಚೀಲ ಹಮ್ಮಿಣಿ. ಈಗ ಸಿಕ್ಕರೆ ಅದನ್ನು ಕಂದೀಲಿನ ಬತ್ತಿ ಎಂದುಕೊಳ್ಳುವವರಿದ್ದಾರೆ. ಕಬ್ಬಿಣದ ಕಡ್ಡಿಗಳನ್ನು ಬಳೆಯಿಂದ ಬಳೆಗೆ ಜೋಡಿಸಿ, ನಡುನಡುವೆ ಹಿತ್ತಾಳೆಯ ಬಿಲ್ಲೆ ಕಟ್ಟಿದ ಸರಪಳಿ ಭೂಮಾಪನದ್ದು. 33 ಅಡಿ ಚೌಕ ನೆಲ ಒಂದು ಗುಂಟೆ, ಅಂಥ 40 ಸೇರಿದರೆ ಒಂದು ಎಕರೆ. ಬಿಲ್ಲೆಯ ಹಲ್ಲುಗಳನ್ನು ನೋಡಿಯೇ ಅಳೆಯುವವರು ಎಷ್ಟು ದೂರ ಬಂದೆವೆಂದು ಹೇಳುತ್ತಿದ್ದರು.

ತೂಕದ ಪ್ರಮಾಣಿತ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಆದರೆ ಕಾಳು ಅಳೆಯುವ ಸೇರು ಪಾತ್ರೆ, ಅದು ಊರಿಂದೂರಿಗೆ ಬದಲಾಗುತ್ತಿತ್ತು. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು. ತಾಡಪತ್ರಿಯ ಮೇಲೆ ಇಂಥ ಕಬ್ಬಿಣದ ಸೇರು ಎರಡಿದ್ದವು. ನೋಡಲು ಒಂದೇ ಎತ್ತರ, ಒಂದೇ ಬಾಯಿ. ಒಂದರಿಂದ ಇನ್ನೊಂದಕ್ಕೆ ಜೋಳ ಸುರಿದು ನೋಡಿದಾಗ ಒಂದು ಹಿಡಿ ಕೆಳಗೆ ಚೆಲ್ಲಿತು. ಒಂದರ ತಳವನ್ನು ಒಳಗಿನಿಂದ ಎತ್ತರಿಸಿ ಬೆಸೆದಿದ್ದರು. ಮನೆಯವರು ಕಮ್ಮಾರನ ಕೈತಪ್ಪು ಎಂದರು. ಮುದುಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಣ್ಣದು ಕೊಡೋದ್ರಿ ಧಣಿ, ದೊಡ್ಡದು ತಗೊಳ್ಳೋದು” ಎಂದ. ಮಳೆಗಾಲಕ್ಕೆ ಮುಂಚೆ ಆಳುಗಳಿಗೆ ಕಡವಾಗಿ ಅಳೆದುಕೊಡುವುದು ಸಣ್ಣ ಸೇರಿನಲ್ಲಿ, ಸುಗ್ಗಿಯಲ್ಲಿ ಬಡ್ಡಿ ಸಮೇತ ಹಿಂತೆಗೆದುಕೊಳ್ಳುವುದು ದೊಡ್ಡದರಲ್ಲಿ. ಆ ಅಂಗಳದಲ್ಲಿ ಅಜ್ಜನ ದಾನಧರ್ಮದ ಕಥೆ ಕೇಳಿ ಬೆಳೆದವರಿಗೆ ಈ ಎರಡು ಸೇರುಗಳ ಕಥೆಯನ್ನು ಯಾರೂ ಹೇಳಿರಲಿಲ್ಲ. ಅಜ್ಜ ಬರಗಾಲದಲ್ಲಿ ಗಂಜಿ ಹಾಕಿಸಿದ್ದು ನಿಜ. ಸೇರು ಎರಡಿದ್ದದ್ದೂ ನಿಜ.

ಹಗೇವು ಸ್ವತಃ ಒಂದು ಉಪಕರಣ. ನೆಲದಲ್ಲಿ ಗಡಿಗೆಯ ಆಕಾರದಲ್ಲಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಇಲ್ಲದ ಕಡೆ ಹುಳ ಬದುಕುವುದಿಲ್ಲ, ಹೀಗೆ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಅದೇ ಕಾರಣಕ್ಕೆ ಹಗೇವು ತೆರೆದ ಕೂಡಲೇ ಇಳಿದವರು ಬದುಕುತ್ತಿರಲಿಲ್ಲ. ಚಪ್ಪಡಿ ಸರಿಸಿ ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಅಟ್ಟದಲ್ಲಿ ಮೂರು ಕಡೆ ಸರಪಳಿ ಕಟ್ಟಿದ ಸಣ್ಣ ದೀಪ ಸಿಕ್ಕರೆ ಅದು ದೇವರ ಮನೆಯದ್ದೇ ಎಂದು ತೀರ್ಮಾನಿಸಬಾರದು. ಇಳಿಯುತ್ತಿದ್ದವರು ಆಳುಗಳು. ಗೋಡೆಯ ಪಕ್ಕದ, ಕಮಟು ಹಿಡಿದ ಜೋಳವನ್ನು ಕೂಲಿಗೆ ಅಳೆದುಕೊಟ್ಟದ್ದನ್ನು ಆ ಮುದುಕ ಮರೆತಿರಲಿಲ್ಲ. ನೀರಾವರಿಯಿಂದ ನೆಲದಲ್ಲಿ ತೇವ ಏರಿದ ಮೇಲೆ ಹಗೇವುಗಳನ್ನು ಮುಚ್ಚಿದರು. ಹೊಸ ಮನೆಗೆ ಅಡಿಪಾಯ ತೋಡುವಾಗ ಇಂಥ ಗುಂಡಿ ಸಿಕ್ಕರೆ ಈಗ ನಿಧಿಯ ಸುದ್ದಿ ಹಬ್ಬುತ್ತದೆ.

ಅಡುಗೆಮನೆಯ ಸಾಮಾನುಗಳನ್ನು ಬಲ್ಲವರು ಹೆಂಗಸರು. ಒಂದು ತುದಿಯಲ್ಲಿ ಸಣ್ಣ ಗೀರುಗಳಿರುವ ಉದ್ದನೆಯ ಹಲಗೆ ಶ್ಯಾವಿಗೆ ಮಣೆ. ಹಲಗೆಯನ್ನು ಓರೆಯಾಗಿಟ್ಟು ಒಬ್ಬಳು ಮೇಲೆ ಕೂತು, ನಾದಿದ ಗೋಧಿ ಹಿಟ್ಟನ್ನು ಅಂಗೈಯಿಂದ ಗೀರುಗಳ ಮೇಲೆ ಒತ್ತಿ ಹೊಸೆಯುತ್ತಾಳೆ. ಇನ್ನೊಬ್ಬಳು ಇಳಿಯುವ ಎಳೆಗಳನ್ನು ಕೋಲಿನ ಮೇಲೆ ಹಾಕಿ ಬಿಸಿಲಿಗೆ ಒಯ್ಯುತ್ತಾಳೆ. ಅಂಗೈಯಗಲದ, ಸಾಲುಸಾಲು ಗೀರುಗಳ ಪುಟ್ಟ ತೇಗದ ಹಲಗೆ ಗೌಲಿಯದು. ಕಡಲೆಯಷ್ಟು ಹಿಟ್ಟನ್ನು ಹೆಬ್ಬೆರಳಿನಿಂದ ಅದರ ಮೇಲೆ ಉಜ್ಜಿದರೆ ಗೆರೆ ಮೂಡಿದ ಸುರುಳಿಯಾಗುತ್ತದೆ. ಮದುವೆ ನಿಶ್ಚಯವಾದ ಮನೆಗಳಲ್ಲಿ ಓಣಿಯ ಹೆಂಗಸರು ಕೂಡಿ ಮಾಡುತ್ತಿದ್ದ ಕೆಲಸ ಅದು. ಬೀಸುವ ಕಲ್ಲನ್ನು ಎಲ್ಲರೂ ಗುರುತಿಸುತ್ತಾರೆ, ಬೀಸುವ ಪದಗಳನ್ನೂ ನೆನೆಯುತ್ತಾರೆ. ಆ ಅಂಗಳದಲ್ಲಿ ಕಲ್ಲಿನ ಗೂಟ ಹಿಡಿದು ನೋಡಿದ ಅಜ್ಜಿಗೆ ಮಾತ್ರ ಹಾಡಿಗಿಂತ ಮೊದಲು ನೆನಪಾದದ್ದು ಹೆಗಲ ನೋವು. ಗಿರಣಿ ಬಂದ ವರ್ಷ ತನಗೆ ಹಬ್ಬವಾಗಿತ್ತು ಎಂದಳು.

ದೇವರ ಸಂಬಂಧದ ಸಾಮಾನುಗಳಲ್ಲಿ ಎಚ್ಚರ ಹೆಚ್ಚು ಬೇಕು. ಎರಡು ಪಕ್ಕದಲ್ಲಿ ದಾರಕ್ಕೆ ಬಳೆಯಿರುವ ಗುಂಡನೆಯ ಬೆಳ್ಳಿ ಡಬ್ಬಿ ಇಷ್ಟಲಿಂಗದ ಕರಡಿಗೆ, ಅದನ್ನು ನಶ್ಯದ ಡಬ್ಬಿ ಎನ್ನಬಾರದು. ಸಣ್ಣ ಬಿಲ್ಲೆ ಕಟ್ಟಿದ ಮರದ ಜೋಡಿ ತುಂಡುಗಳು ದಾಸರ ಚಿಟಿಕೆ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ನೆಲೆಸಿದ್ದ ಮಾನ್ವಿಯಲ್ಲಿ ಅವು ಹಲವು ಮನೆಗಳಲ್ಲಿವೆ. ಲೋಹದ ಹಸ್ತದ ಆಕಾರ ಮೊಹರಂನ ಪಂಜಾ. ಜಾತಿಮತ ನೋಡದೆ ಅಲಾಯಿ ದೇವರಿಗೆ ನಡೆದುಕೊಳ್ಳುವ ಈ ಜಿಲ್ಲೆಯಲ್ಲಿ ಅದು ಯಾರ ಮನೆಯಲ್ಲಾದರೂ ಸಿಗಬಹುದು, ಆದರೆ ಮಾರುವ ವಸ್ತುವಲ್ಲ.

ಬಲ್ಲವರನ್ನು ಕೇಳದೆ ಉಪಯೋಗವನ್ನು ಊಹಿಸಿದರೆ ಏನಾಗುತ್ತದೆ ಎಂಬುದಕ್ಕೆ ಈ ಸೀಮೆಯ ಬೂದಿದಿಬ್ಬಗಳೇ ನಿದರ್ಶನ. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎಂದರು, ವಿದ್ವಾಂಸರು ಇಂಥ ದಿಬ್ಬಗಳನ್ನು ಲೋಹ ಕರಗಿಸಿದ ಕುಲುಮೆಯವರೆಗೆ ಊಹಿಸಿದರು. ಸುಟ್ಟ ಸೆಗಣಿ ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೇಳಿದ್ದರು. 1952ರಲ್ಲಿ ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ ಅಗೆದಿದ್ದ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್, 1957ರಲ್ಲಿ ಕೃಷ್ಣೆಯ ಆಚೆಯ ಉಟ್ನೂರಿನಲ್ಲಿ ಅಗೆದಾಗ ದನದ ದೊಡ್ಡಿಯ ಗೂಟದ ಕುಳಿಗಳೂ ಗೊರಸಿನ ಗುರುತುಗಳೂ ಸಿಕ್ಕವು. ತಮ್ಮ ಕಾಲದ ದನಗಾಹಿಗಳ ನಡೆಯನ್ನು ನೋಡಿಯೇ ಅವರು ನವಶಿಲಾಯುಗದ ದೊಡ್ಡಿಯನ್ನು ವಿವರಿಸಿದರು. ರಾಯಚೂರು ಕೋಟೆಯಲ್ಲಿ ಊಹೆಯ ಅಗತ್ಯವೂ ಇಲ್ಲ. 1294ರ ಶಾಸನವಿರುವ ಸುಮಾರು 41 ಅಡಿ ಉದ್ದದ ಚಪ್ಪಡಿಯನ್ನು ಗಟ್ಟಿಗಾಲಿಯ ಬಂಡಿಯ ಮೇಲೆ ಹೇಗೆ ಸಾಗಿಸಿದರೆಂದು ಅಲ್ಲಿಯ ಗೋಡೆಯ ಮೇಲೇ ಕೊರೆದಿಟ್ಟಿದ್ದಾರೆ. ಎಳೆಯುವ ಪಶುಗಳು, ಸನ್ನೆಕೋಲು ಹಿಡಿದ ಆಳುಗಳು ಆ ಚಿತ್ರದಲ್ಲಿದ್ದಾರೆ. ಸಾಮಾನಿನ ಜೊತೆಗೆ ಅದನ್ನು ಹಿಡಿದವರನ್ನೂ ದಾಖಲಿಸುವುದು ಎಂದರೆ ಹೀಗೆ.

ಪುಣೆಯ ಕೇಳ್ಕರ್ ವಸ್ತುಸಂಗ್ರಹಾಲಯ ದೀಪ, ಅಡಕತ್ತರಿ, ಅಡುಗೆಯ ಪಾತ್ರೆಗಳಿಗೇ ಹೆಸರಾಯಿತು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಹಳ್ಳಿಯ ಉಪಕರಣಗಳಿಗೆ ಒಂದು ನೆಲೆ ಕೊಟ್ಟಿತು. ಆದರೆ ಅಲ್ಲಿಗೆ ಹೋಗುವ ಸಾಮಾನು ಸಾವಿರಕ್ಕೊಂದು. ಉಳಿದದ್ದು ಕಿಲೋ ಲೆಕ್ಕದಲ್ಲಿ ಕರಗುತ್ತದೆ. ಅತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದ ದೇವದುರ್ಗದಿಂದ ಕುಟುಂಬಗಳು ಗುಳೆ ಹೊರಟಾಗ ಕೂರಿಗೆ, ಕುಂಟೆಗಳು ಬೀಗ ಹಾಕಿದ ಮನೆಯಲ್ಲೇ ಉಳಿಯುತ್ತವೆ. ಅವನ್ನು ಬಳಸಬಲ್ಲ ಕೈಗಳು ಬೆಂಗಳೂರಿನಲ್ಲಿ ಗಾರೆ ಹೊರುತ್ತವೆ.

ದಾಖಲೆಗೆ ದೊಡ್ಡ ಏರ್ಪಾಡು ಬೇಡ. ವಸ್ತುವನ್ನು ತೊಳೆಯುವ ಮುಂಚೆ ಫೋಟೊ ತೆಗೆಯಬೇಕು, ಏಕೆಂದರೆ ಜಿಡ್ಡು, ಮಸಿ, ಹಿಟ್ಟಿನ ಗುರುತುಗಳೇ ಉಪಯೋಗದ ಸುಳಿವು. ಎಲ್ಲಿ ಸಿಕ್ಕಿತು, ಪಕ್ಕದಲ್ಲಿ ಏನಿತ್ತು, ಊರಲ್ಲಿ ಅದಕ್ಕೆ ಏನೆನ್ನುತ್ತಿದ್ದರು, ಮಾಡಿದವರು ಯಾರು, ಹಿಡಿದವರು ಯಾರು, ಯಾವ ತಿಂಗಳಲ್ಲಿ ಹೊರಬರುತ್ತಿತ್ತು ಎಂದು ಬರೆದಿಡಬೇಕು. ಬಲ್ಲವರ ಕೈಯಲ್ಲಿ ಅದನ್ನು ಕೊಟ್ಟು, ಹಿಡಿಯುವ ಬಗೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಬೇಕು. ಬಾಯಲ್ಲಿ ಹೇಳಲು ತಡವರಿಸುವವರೂ ಸಾಮಾನು ಕೈಗೆ ಬಂದರೆ ಸರಿಯಾಗಿ ಹಿಡಿಯುತ್ತಾರೆ.

ಕೇಳಬೇಕಾದವರು ಎಂಬತ್ತರ ಆಸುಪಾಸಿನಲ್ಲಿದ್ದಾರೆ, ಬಹುಪಾಲು ಮಂದಿ ಹಳೆಯ ಮನೆಗಳ ಒಳಗಲ್ಲ, ಹೊರಗಿನ ಓಣಿಗಳಲ್ಲಿದ್ದಾರೆ. ಮನೆ ಕೆಡವಲು ದಿನ ಗೊತ್ತುಮಾಡಿದವರು ಗುಜರಿಯವನಿಗೆ ಹೇಳಿಕಳಿಸುವ ಮೊದಲು, ಆ ಮನೆಯಲ್ಲಿ ದುಡಿದವರನ್ನು ಕರೆದು ಕೂರಿಸಿ ಕೇಳಿ. ಅವರು ಹೇಳುವುದು ಮನೆತನಕ್ಕೆ ಹಿತವಾಗಿರದಿದ್ದರೂ ಬರೆದುಕೊಳ್ಳಿ.